ಏಳರವರೆಗೆ ಹೋಗದ ಗುಂಡಿ

ಹಳೇ ವಾಲ್ವ್ ಆಂಪ್ಲಿಫೈಯರನ್ನು ದಿಲ್ಲಿಯ ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಇಟ್ಟುಕೊಂಡವನಿಗೆ ಅವಮಾನಕ್ಕೆ ಬರವಿಲ್ಲ. ನನ್ನ ಗಿಟಾರಿಗೆಂದು ಕೊಂಡದ್ದು ಅದು; ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಗಾಗುತ್ತವೆ. ಸದ್ದಿನ ಗುಂಡಿ ಏಳಕ್ಕೆ ಬಂದಾಗ ಮಾತ್ರ ಅದರ ನಿಜವಾದ ಕೊರಳು ತೆರೆಯುತ್ತದೆ. ಇಪ್ಪತ್ತು ವರ್ಷ ಸರ್ಕಾರಿ ಕಡತ ತಿರುವಿದ ನನಗಿದ್ದದ್ದು ಒಂದೇ ಆಸೆ, ಒಮ್ಮೆಯಾದರೂ ಏಳರಲ್ಲಿ ನುಡಿಸಬೇಕು.

೧. ಶುಭಕಾರ್ಯ

ಗುಂಡಿಯನ್ನು ಎರಡಕ್ಕೆ ತಿರುಗಿಸಿದ ದಿನವೇ ಮೇಲಿನ ಮನೆಯವರು, ಅಂದರೆ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು, ಲಿಖಿತ ದೂರು ಕೊಟ್ಟರು. ಮೂರನೆಯ ದೂರನ್ನು ಕೊಡಲು ಖುದ್ದಾಗಿ ಬಂದಾಗ ಕೆಳಗೆ ಮದುವೆ ದಿಬ್ಬಣದ ಬ್ಯಾಂಡು. ಕಿಟಕಿ ಗಾಜು ನಡುಗುತ್ತಿತ್ತು. ಇದಕ್ಕೆ ದೂರಿಲ್ಲವೇ ಎಂದು ಕಿರುಚಿದೆ. ಅದು ಶಾದಿ, ಶುಭಕಾರ್ಯ ಎಂದು ಅವರೂ ಕಿರುಚಿದರು. ನನಗೆ ಆಗಲೇ ಮದುವೆಯಾಗಿತ್ತು, ಇಲ್ಲದಿದ್ದರೆ ಆ ದಾರಿಯನ್ನೂ ನೋಡುತ್ತಿದ್ದೆ.

೨. ಮಾನೇಸರ್

ಭಾವಮೈದ ಮಾನೇಸರಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಯಂತ್ರಗಳ ಗದ್ದಲದಲ್ಲಿ ದೂರುವವರೇ ಇಲ್ಲ, ಬನ್ನಿ ಎಂದ. ಹೊತ್ತುಕೊಂಡು ಹೋದೆ. ಬಾಗಿಲಲ್ಲೇ ಸುರಕ್ಷಾ ಅಧಿಕಾರಿ ನನ್ನ ಎರಡೂ ಕಿವಿಗೆ ಬಿರಟೆ ತುರುಕಿದರು. ನಿಯಮವಂತೆ. ಏಳಕ್ಕೆ ತಿರುಗಿಸಿದೆ. ಯಾರಿಗೂ ಕೇಳಿಸಲಿಲ್ಲ, ನನಗೂ.

೩. ಮೊಸರು

ಜನವರಿ ಚಳಿಗೆ ದಿಲ್ಲಿಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ. ಮೊಸರನ್ನವಿಲ್ಲದೆ ನಮ್ಮ ಮನೆಯಲ್ಲಿ ಊಟ ಮುಗಿಯುವುದಿಲ್ಲ. ಹೆಂಡತಿ ಒಂದು ದಿನ ಬೆಚ್ಚಗಿದ್ದ ಆಂಪ್ಲಿಫೈಯರಿನ ನೆತ್ತಿಯ ಮೇಲೆ ಹೆಪ್ಪು ಹಾಕಿದ ಹಾಲಿನ ಪಾತ್ರೆ ಇಟ್ಟಳು. ಕತ್ತರಿಸಬಹುದಾದ ಮೊಸರು! ವಾರದೊಳಗೆ ಅಕ್ಕಪಕ್ಕದ ಪಾತ್ರೆಗಳೂ ಬಂದವು. ಆನ್ ಮಾಡಿಡಿ, ನುಡಿಸಬೇಡಿ ಎಂದು ಅವಳ ಕಟ್ಟಪ್ಪಣೆ.

"ಅಪ್ಪಾ, ಫೈನಲಿ ಯೂಸ್‌ಫುಲ್ ಆಯ್ತು ನಾ?" ಎಂದಳು ಮಗಳು.

ಮೈಯೆಲ್ಲ ಉರಿಯಿತು. ಸ್ವಿಚ್ ಆರಿಸಿ ಕುಳಿತೆ. ಮರುದಿನ ಅಧ್ಯಕ್ಷರೇ ಸ್ಟೀಲ್ ಡಬ್ಬಿ ಹಿಡಿದು ಬಂದರು. ಮೂರು ದೂರು ಕೊಟ್ಟವರು ನೀವೇ ಅಲ್ಲವೇ ಎಂದೆ.

"ಭಾಯಿ ಸಾಹಬ್, ಶಿಕಾಯತ್ ಆವಾಜ್ ಕೀ ಥೀ, ಗರ್ಮೀ ಕೀ ನಹೀಂ."

ದೂರು ಸದ್ದಿನದಂತೆ, ಶಾಖದ್ದಲ್ಲವಂತೆ! ಹಾಗಾದರೆ ಭಾನುವಾರ ಹತ್ತು ನಿಮಿಷ ಏಳರಲ್ಲಿ ನುಡಿಸಲು ಒಪ್ಪಿಗೆ ಬರೆದುಕೊಡಿ ಎಂದೆ. ಡಬ್ಬಿಯನ್ನು ನನ್ನ ಕೈಗಿಟ್ಟು ಸಹಿ ಹಾಕಿದರು.

ಭಾನುವಾರ ಗುಂಡಿ ಏಳಕ್ಕೆ ಬಂತು. ತಂತಿ ಮೀಟಿದೆ. ಜೇನಿನಂಥ ದಪ್ಪ ನಾದ. ಎದೆ ತುಂಬಿ ಬಂತು. ಹತ್ತು ನಿಮಿಷವೂ ಕಣ್ಣು ಮುಚ್ಚಿಯೇ ನುಡಿಸಿದೆ. ತೆರೆದಾಗ ಆಂಪ್ಲಿಫೈಯರಿನ ಮೇಲೆ ಪಾತ್ರೆಗಳು, ಅಧ್ಯಕ್ಷರ ಡಬ್ಬಿಯೂ ಸೇರಿ, ಇನ್ನೂ ನಡುಗುತ್ತಿದ್ದವು. ಹೆಪ್ಪು ಹಾಕಿದ್ದನ್ನು ಅಲುಗಾಡಿಸಬಾರದೆಂದು ಅಮ್ಮ ಹೇಳುತ್ತಿದ್ದದ್ದು ಆಗ ನೆನಪಾಯಿತು.

ನಾಲ್ಕನೆಯ ದೂರು ಸಂಜೆಗೇ ಬಂತು. ಸದ್ದಿನ ಬಗ್ಗೆ ಒಂದಕ್ಷರವಿಲ್ಲ. ನಾನು ಇಪ್ಪತ್ತು ವರ್ಷ ಕಾದ ಆ ನಾದದ ಬಗ್ಗೆಯೂ ಇಲ್ಲ. ವಿಷಯ: ಲಸ್ಸಿ.