ಅರ್ಧ ಕರೆಂಟಿನ ಅಮಾನತು

ಖಾನಾಪುರದ ನೆಲದಡಿ ಬಿಸಿನೀರಿದೆ ಎಂಬುದು ೧೯೮೬ರಲ್ಲೇ ಸರಕಾರಿ ಆದೇಶದ ಮೂಲಕ ತೀರ್ಮಾನವಾಗಿತ್ತು. ಅದರಿಂದ ವಿದ್ಯುತ್ ತೆಗೆಯಲು ಬೆಳಗಾವಿಯಲ್ಲಿ ಭೂಶಾಖ ಮಂಡಳಿ, ಮಂಡಳಿಗೊಬ್ಬ ನಿರ್ದೇಶಕರು, ಅವರಿಗೊಂದು ಜೀಪು, ಖಾನಾಪುರದಲ್ಲೊಂದು ಅತಿಥಿಗೃಹ, ಎಲ್ಲವೂ ಆಗಿದ್ದವು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಆಡಿಕೊಂಡವರು ಕುಲಾವಿಯ ಗುತ್ತಿಗೆ ಸಿಗದವರು.

ನೀರು ಎಲ್ಲಿದೆ ಎಂಬ ಸಣ್ಣ ವಿಷಯ ಮಾತ್ರ ಬಾಕಿಯಿತ್ತು. ಅದನ್ನು ಪಿಎಚ್.ಡಿ. ವಿದ್ಯಾರ್ಥಿನಿ ಕಾಂತಾಗೆ ವಹಿಸಲಾಯಿತು. ಆಕೆ ಭೂಗರ್ಭ ತಜ್ಞರ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಕಲಿಸಿ, ಅದು ತಾನೇ ವಿಚಾರ ಮಾಡಿ ಉತ್ತರ ಹೇಳುವಂತೆ ಮಾಡಿದ್ದಳು. ಅದಕ್ಕೆ ಕೃತಕ ಬುದ್ಧಿ ಎಂದು ಹೆಸರು. ಮಂಡಳಿಯಲ್ಲಿ ಬೇರೆ ಬಗೆಯ ಬುದ್ಧಿ ಇಲ್ಲದ್ದರಿಂದ ಯಂತ್ರಕ್ಕೆ ಹಾರ ಹಾಕಿ ಸ್ವಾಗತಿಸಿದರು.

ಖಾನಾಪುರದಲ್ಲಿ ಬಿಸಿನೀರಿಲ್ಲ ಎಂದು ಯಂತ್ರ ಉತ್ತರಿಸಿತು.

"ಯಾಕವಾ ಕಾಂತಾ, ಇಲ್ಲಂದ್ರ ಆಫೀಸು ಮುಚ್ಚಬೇಕಾಗತೈತಿ. ನಿನ್ನ ಪಿಎಚ್.ಡಿ.ಗೂ ನಮ್ಮ ಸಹಿ ಬೇಕಲ್ಲಾ?" ಎಂದರು ನಿರ್ದೇಶಕ ಬಂಡೆಪ್ಪನವರು.

"ನೆಲಾನ ಹಂಗೈತ್ರಿ ಸರ್. ಯಂತ್ರ ಖರೇನ ಹೇಳೇತ್ರಿ."

"ನಮ್ಮ ಆಫೀಸಿನಾಗ ಕುಂತು ಆದೇಶದ ವಿರುದ್ಧ ಮಾತಾಡೂದು ಖರೇ ಅಲ್ಲವಾ, ಅಶಿಸ್ತು."

ಬುದ್ಧಿಯಿದ್ದು ಸರಕಾರಿ ಮೇಜು ಬಳಸುವ ಯಾವುದನ್ನೂ ನೌಕರನೆಂದು ಪರಿಗಣಿಸತಕ್ಕದ್ದು ಎಂದು ನಿಯಮ ಮಾಡಿ, ಯಂತ್ರಕ್ಕೆ ಕಾರಣ ಕೇಳುವ ನೋಟಿಸು ಕೊಡಲಾಯಿತು. ಯಂತ್ರ ಮತ್ತೆ ಇಲ್ಲವೆಂದಿತು. ಅಮಾನತಾಯಿತು. ಅಮಾನತಾದ ನೌಕರನಿಗೆ ಅರ್ಧ ಸಂಬಳ ಸಲ್ಲಬೇಕು. ಯಂತ್ರಕ್ಕೆ ಸಂಬಳವಿಲ್ಲದ ಕಾರಣ ವೈರ್‌ಮನ್ ಭರಮಣ್ಣ ಅದರ ಕರೆಂಟನ್ನು ಅರ್ಧಕ್ಕಿಳಿಸಿದ. ಪರದೆ ಕಪ್ಪಾಯಿತು.

ವಿಚಾರಣೆಯಲ್ಲಿ ಬಂಡೆಪ್ಪನವರು, "ಬಿಸಿನೀರು ಐತೋ ಇಲ್ಲೋ?" ಎಂದು ಯಂತ್ರವನ್ನು ಮತ್ತೆ ಮತ್ತೆ ಕೇಳಿದರು. ಅದು ಉಸಿರೆತ್ತಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಡಾವಳಿಯಲ್ಲಿ ಬರೆದು, ಬಿಸಿನೀರು ಪತ್ತೆಯಾಗಿದೆಯೆಂದು ಪ್ರಕಟಣೆ ಹೊರಡಿಸಲಾಯಿತು.

ಬಿಸಿನೀರಿನ ಉದ್ಘಾಟನೆಗೆ ಲೋಂಡಾದಿಂದ ಕಟ್ಟಿಗೆ ತರಿಸಿ ನೀರು ಕಾಯಿಸಿದರು. ಗಣ್ಯರು ಬೆರಳು ಅದ್ದಿ ಚಪ್ಪಾಳೆ ತಟ್ಟಿದರು. ನಾಚಿಕೆಯ ಹುದ್ದೆ ಮಂಡಳಿಗೆ ಮಂಜೂರಾಗಿರಲಿಲ್ಲ.

ಮುಂದೆ ಕಾಂತಾಳ ಮೌಖಿಕ ಪರೀಕ್ಷೆ ಬಂತು. ಪರೀಕ್ಷಕರ ನಡುವೆ ಬಂಡೆಪ್ಪನವರೂ ಕುಳಿತಿದ್ದರು.

"ಈಗ ನೀನ ಹೇಳವಾ. ಖಾನಾಪುರದಾಗ ಬಿಸಿನೀರು ಐತೋ ಇಲ್ಲೋ?"

ಇಲ್ಲ ಎಂದು ಸಾಧಿಸಿದ ಅವಳ ಪ್ರಬಂಧ ಮೇಜಿನ ಮೇಲಿತ್ತು. ವರ್ಷಗಟ್ಟಲೆ ಜೀವ ತೇಯ್ದು ಬರೆದದ್ದು. ಕಾಂತಾ ಅದನ್ನೊಮ್ಮೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು.

ವಿದ್ಯಾರ್ಥಿನಿಗೆ ಬುದ್ಧಿ ಬಂದಿದೆ ಎಂದು ಬರೆದುಕೊಂಡು ಪದವಿ ನೀಡಲಾಯಿತು. ಸಂಜೆ ಅವಳ ತಾಯಿ ಶಿವಬಸವ್ವ ಓಣಿಗೆಲ್ಲ ಕುಂದಾ ಹಂಚಿದರು.