ತೊಂಬತ್ತೇ ಸಾಕು

ಮರಳೂರಿನಲ್ಲಿ ಮೋಟಾರ್ ರೀವೈಂಡಿಂಗ್ ಮಾಡುವ ಅಕ್ರಂ ಪಾಷಾ ತಾನೇ ಸೋಲಾರ್ ಇನ್ವರ್ಟರ್ ಮಾಡಿದ. ಅದರ ಆರು ಪ್ಯಾನೆಲ್ ತಾರಸಿಯನ್ನೆಲ್ಲ ನುಂಗಿದವು. ರಂಜಾನ್ ಶಾವಿಗೆ ಒಣಗಿಸಲು ಜಾಗವಿಲ್ಲವೆಂದು ತಾಯಿ ಕುಲ್ಸುಂ ಬೀ ಮೂರು ದಿನದಿಂದ ಮಾತು ಬಿಟ್ಟಿದ್ದರು. ಆ ಮೌನ ಟ್ರಾನ್ಸ್‌ಫಾರ್ಮರ್‌ನಂತೆ ಮನೆಯಲ್ಲೆಲ್ಲ ಗುಂಯ್‌ಗುಡುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಮಹಾಲಿಂಗಯ್ಯ ತಾಯಿಯ ಪರ.

"ಲೋ ಪಾಷಾ, ಇನ್ವರ್ಟರ್ ಒಳಗಿನ ಮೇಲಿನ ಸ್ವಿಚ್ಚು, ಕೆಳಗಿನ ಸ್ವಿಚ್ಚು ಒಟ್ಟಿಗೆ ಆನ್ ಆದ್ರೆ ಶಾರ್ಟಾಗಿ ಸುಟ್ಟೋಯ್ತದೆ. ನೀನು ಬೇಕಂತ್ಲೇ ಆನ್ ಮಾಡ್ತೀನಿ ಅಂತೀಯಲ್ಲ."

"ಅದಕ್ಕೇ ಮಧ್ಯೆ ಎರಡು ಕಾಯಿಲ್, ಎರಡು ಕೆಪಾಸಿಟರ್ ಹಾಕಿರೋದು, ಮಾಲಿಂಗಣ್ಣ. ಏಟೆಲ್ಲ ಅವೇ ತಡ್ಕಂತವೆ. ಹಂಗೆ ಒಟ್ಟಿಗೆ ಆನ್ ಮಾಡಿದ್ರೇನೇ, ಪ್ಯಾನೆಲ್ ವೋಲ್ಟೇಜ್ ಕಮ್ಮಿಯಾದ್ರೂ ಎತ್ತಿ ಇನ್ನೂರ ಮೂವತ್ತು ಕೊಡೋದು."

"ಸುಟ್ಟೋದ್ರೆ?"

"ಪ್ಯಾನೆಲ್ ಬಿಚ್ಚಿ ತಾರಸಿ ಅಮ್ಮೀಗೆ ಬಿಟ್ಕೊಡ್ತೀನಿ. ನಡೆದ್ರೆ ಇನ್ಮೇಲೆ ಯಾರೂ ತಾರಸಿ ಸುದ್ದಿ ಎತ್ಬಾರ್ದು."

ಕುಲ್ಸುಂ ಬೀ ಕೇಳಿಸಿಕೊಂಡರು. ತಾರಸಿಯ ಮೆಟ್ಟಿಲು ಹತ್ತಿಹೋದರು.

ಮಧ್ಯಾಹ್ನ ಬೀದಿಗೆಲ್ಲ ಕರೆಂಟ್ ಹೋಯಿತು. ಎದುರು ಮನೆಯ ತಿಪ್ಪಮ್ಮ ತೆಂಗಿನಕಾಯಿ ತುಂಬಿದ ಮಿಕ್ಸಿ ಹೊತ್ತು ಬಂದರು. ಮಹಾಲಿಂಗಯ್ಯ ಬೆಂಕಿ ಆರಿಸಲು ಬಕೆಟ್ಟಿನಲ್ಲಿ ಮರಳು ತಂದು, ಹೆಣ ಕಾಯುವವನಂತೆ ಕೂತರು.

ಹೊರಗೆ ಸುಡುಬಿಸಿಲು. ಆರೂ ಪ್ಯಾನೆಲ್ ಸೇರಿ ನೂರೆಂಬತ್ತು ವೋಲ್ಟ್ ಬರಬೇಕಿತ್ತು. ಮೀಟರ್ ತೋರಿಸಿದ್ದು ತೊಂಬತ್ತು.

"ಬರ್ತಿರೋದು ಅರ್ಧಾನೇ. ಸೋಲೊಪ್ಕಂಡ್ಬುಡು," ಎಂದರು ಮಹಾಲಿಂಗಯ್ಯ.

"ತೊಂಬತ್ತೇ ಸಾಕು," ಎಂದು ಅಕ್ರಂ ಸ್ವಿಚ್ ಒತ್ತಿದ.

ಮಿಕ್ಸಿ ಗೊರ್ರೆಂದಿತು. ಮಿಕ್ಸಿ ಕಡೆಯ ಎರಡನೇ ಮೀಟರ್‌ನಲ್ಲಿ ಇನ್ನೂರ ಮೂವತ್ತು. ಚಟ್ನಿ ಬೆಣ್ಣೆಯಂತೆ ನುಣ್ಣಗಾಯಿತು.

"ಮೇಲೆಲ್ಲೋ ಬ್ಯಾಟರಿ ಬಚ್ಚಿಟ್ಟವ್ನೆ," ಎನ್ನುತ್ತ ಮಹಾಲಿಂಗಯ್ಯ ತಾರಸಿಗೆ ನುಗ್ಗಿದರು. ಉಳಿದವರೂ ಹಿಂದೆಯೇ ಹತ್ತಿದರು.

ಬ್ಯಾಟರಿ ಇರಲಿಲ್ಲ. ಮೂರು ಪ್ಯಾನೆಲ್ ಮೇಲೆ ಹಳೆ ಸೀರೆ ಹಾಸಿ, ಕುಲ್ಸುಂ ಬೀ ಶಾವಿಗೆ ಹರವುತ್ತಿದ್ದರು.

"ಹಂಚಿನಂಗೆ ಕಾಯುತ್ತೆ, ಧೂಳೂ ಇಲ್ಲ," ಎಂದರು. ಮೂರು ದಿನಗಳಲ್ಲಿ ಅವರಾಡಿದ ಮೊದಲ ಮಾತು. "ಮೂರು ಮುಚ್ಚಿದ್ರೂ ಮಿಕ್ಸಿ ನಡೀತಲ್ಲ, ಅಣ್ಣಾವ್ರೆ?"

"ನಡೀತು ಕಣಮ್ಮ. ನಾನೇ ಸಾಕ್ಷಿ," ಎಂದರು ಮಹಾಲಿಂಗಯ್ಯ.

ಅಕ್ರಂ ಬಾಯಿ ತೆರೆದ. ಮೂರು ಪ್ಯಾನೆಲ್ ಸಾಲದೆಂದರೆ ತನ್ನ ಯಂತ್ರವನ್ನೇ ಹಳಿದಂತೆ. ಬಾಯಿ ಮುಚ್ಚಿದ.

ನಾಲ್ಕು ಗಂಟೆಯ ಹೊತ್ತಿಗೆ ನಾಲ್ಕನೇ ಪ್ಯಾನೆಲ್ ಮೇಲೆ ತಿಪ್ಪಮ್ಮನ ಮೆಣಸಿನಕಾಯಿ, ಐದನೆಯದರ ಮೇಲೆ ಮಹಾಲಿಂಗಯ್ಯನ ಮನೆಯ ಸಂಡಿಗೆ. ಕೆಳಗೆ ಮೀಟರ್ ಮೂವತ್ತಕ್ಕೆ ಇಳಿದಿತ್ತು.

ಅಕ್ರಂ ಹೊಸ ಕಾಯಿಲ್ ಸುತ್ತಲು ತಾಮ್ರದ ತಂತಿ ಎತ್ತಿಕೊಂಡ. "ಹಾಕ್ಕಳಿ, ಹಾಕ್ಕಳಿ. ಮೂವತ್ತಕ್ಕೂ ನಡೆಸ್ತೀನಿ," ಎಂದು ಮೇಲಕ್ಕೆ ಕೂಗಿದ.

"ನಡೆಸು ಕಣ್ಲಾ," ಎಂದರು ಮಹಾಲಿಂಗಯ್ಯ, ಮೆಟ್ಟಿಲಿಳಿಯುತ್ತ. "ಮನೇಲಿ ಇನ್ನೊಂದು ತಟ್ಟೆ ಸಂಡಿಗೆ ಐತೆ."