ಬಂದ್ ಮಾಡಬಾರದ ಕಂಪ್ಯೂಟರು

ತೆಲಂಗಾಣ ರಾಜ್ಯ ಎಲ್ಲರಿಗೂ ಒಂದೇ ದಿನ ಬಂತು. ನಮ್ಮ ಕಾಕಾನ ಕಂಪ್ಯೂಟರಿಗೆ ಮಾತ್ರ ಮೂರು ದಿನ ತಡವಾಗಿ ಬಂತು. ಆ ಮೂರು ದಿನ ನಾರಾಯಣಪೇಟೆಯ ನೇಕಾರರೆಲ್ಲ ತಮ್ಮ ಊರಿನಲ್ಲೇ ಪರದೇಶಿಗಳಾಗಿದ್ದರು. ಇಂಥ ಪವಾಡ ಬೇರೆ ಯಾರಿಂದ ಸಾಧ್ಯ ಹೇಳಿ!

ಕಾಕಾ ಸೀರೆ ಅಂಗಡಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ನಾನು ಅಲ್ಲೇ ಸೀರೆ ಮಡಿಸುವವಳು. ನೇಕಾರರಿಗೆ ಹಾಸು, ಅಂದರೆ ಮಗ್ಗದ ಉದ್ದನೆಯ ನೂಲು, ಅಂಗಡಿಯಿಂದಲೇ ಹೋಗಬೇಕು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸಲು ಕಾಕಾ ರೂಲ್ ಎಂಜಿನ್ ಎಂಬ, ನಿಯಮ ನೋಡಿ ಹೌದು-ಅಲ್ಲ ಹೇಳುವ ಸಾಫ್ಟ್‌ವೇರನ್ನು ತಂದು ಕೂರಿಸಿದ. ಅಂಗಡಿಯ ಪ್ರೋಗ್ರಾಮಿನಲ್ಲಿ ಪ್ರತಿ ನೇಕಾರರಿಗೂ ಮೊದಲೇ ಒಂದು ಆಬ್ಜೆಕ್ಟ್ ಇತ್ತು: ಹೆಸರು, ರಾಜ್ಯ, ಕಣ್ಣಿನ ದೃಷ್ಟಿ, ಎಲ್ಲ ಸೇರಿಸಿ ಕಟ್ಟಿದ ಗಂಟು. ಆ ಗಂಟುಗಳನ್ನೇ ಎಂಜಿನ್ನಿನ ಕೈಗೆ ಕೊಟ್ಟ.

"ಹೊಸದು ಮಾಡಾಕ ಹೋಗಬಾರದು. ಇದ್ದದ್ದನ್ನ ಒಳಗ ಕೊಡಬೇಕು" ಎಂಬುದು ಅವನ ಮಂತ್ರ. ಅದೇ ಮಂತ್ರ ಜಪಿಸುತ್ತ ತನ್ನ ಮದುವೆಯ ಅಂಗಿಯನ್ನೇ ನನ್ನ ಮದುವೆಗೂ ಹಾಕಿಕೊಂಡು ಬಂದಿದ್ದ. ಹೊಟ್ಟೆಯ ಹತ್ತಿರ ಗುಂಡಿ ಹತ್ತಿರಲಿಲ್ಲ.

ಒಂದೇ ತೊಡಕು. ಗಂಟಿನೊಳಗೆ ಏನಾದರೂ ಬದಲಾದರೆ ಅದನ್ನು ಎಂಜಿನ್ನಿಗೆ ಹೇಳಬೇಕು. ಹೇಳದಿದ್ದರೆ, ನಮ್ಮ ಮನೆಯ ಹಿರಿಯರ ಹಾಗೆ, ಅದು ಹಳೆಯದನ್ನೇ ನಂಬಿಕೊಂಡು ಕೂತಿರುತ್ತದೆ. ರಾಯಚೂರು ಕಡೆಯ ಬಂಧುಗಳು ಹಾಸು ಒಯ್ದು ಸೀರೆ ತರಲು ಮರೆಯುತ್ತಿದ್ದರಿಂದ, ಬೇರೆ ರಾಜ್ಯದವರಿಗೆ ಹಾಸು ಇಲ್ಲ ಎಂಬ ರೂಲ್ ಇತ್ತು. ರಾಜ್ಯ ಬಂದ ದಿನ ಕಾಕಾ ಅಂಗಡಿಯ ಗಂಟಿನಲ್ಲೂ ನೇಕಾರರೆಲ್ಲರ ಗಂಟಿನಲ್ಲೂ ತೆಲಂಗಾಣ ಎಂದು ಬರೆದ. ಅಂಗಡಿಯ ರಾಜ್ಯ ಬದಲಾಗಿದೆ ಎಂದು ಎಂಜಿನ್ನಿಗೆ ಹೇಳಿದ. ನೇಕಾರರ ರಾಜ್ಯವೂ ಬದಲಾಗಿದೆ ಎಂದು ಹೇಳಲು ಮರೆತು, ಗುಲಾಲು ಎರಚಲು ಓಡಿದ.

ಹತ್ತಿರದ ನಾರ್ವ ಎಂಬ ಊರಿನಿಂದ ಬಂದ ಮುದುಕಿಯೊಬ್ಬಳಿಗೆ ಹಾಸು ಸಿಗಲಿಲ್ಲ.

"ಹಂಗಾರ ನಾ ಯಾವ ರಾಜ್ಯದಾಕಿ?"

"ಎಂಜಿನ್ ಪ್ರಕಾರ ಆಂಧ್ರ, ಅಜ್ಜಿ" ಎಂದ ಕಾಕಾ.

"ಒಮ್ಮಿ ಬಸ್ ಹತ್ತಿಸಿ ಕಳಸಪಾ. ನಮ್ಮ ರಾಜ್ಯ ಹೆಂಗೈತಿ ನೋಡಿಕೊಂಡರ ಬರ್ತೀನಿ."

ಮೂರು ದಿನದ ಮೇಲೆ ಕಾಕಾ ಎಂಜಿನ್ನಿಗೆ ಹೇಳಿದ, ಎಲ್ಲರೂ ತೆಲಂಗಾಣದವರಾದರು. ನಾವು ಇದನ್ನು ಹೇಳಿಕೊಂಡು ನಕ್ಕು ಮುಗಿಸುವಷ್ಟರಲ್ಲಿ ಕಾಕಾಗೆ ಹೊಸ ಹುಚ್ಚು ಹಿಡಿಯಿತು. ಕಂಪ್ಯೂಟರನ್ನು ಯಾರೂ ಬಂದ್ ಮಾಡಬಾರದು! ಕರೆಂಟ್ ಹೋದರೂ ಅದು ಆರಬಾರದೆಂದು ತನ್ನ ಮನೆಯ ಇನ್ವರ್ಟರನ್ನೇ ಅಂಗಡಿಗೆ ತಂದಿಟ್ಟ. ಕಾಕಿ ಬೇಸಿಗೆಯಿಡೀ ಬೀಸಣಿಗೆ ಹಿಡಿದಳು.

"ನಿಮ್ಮ ಕಾಕಾಗ ಎರಡು ಸಂಸಾರ ಅದಾವ. ಗಾಳಿ ಅಕಿಗೆ, ಬೆವರು ನನಗ" ಎಂದಳು.

ಒಂದು ದಿನ ಕಾಕಾ ಕೆಲಸದ ಮೇಲೆ ಗದ್ವಾಲಕ್ಕೆ ಹೋಗಿದ್ದಾಗ ಕಂಪ್ಯೂಟರ್ ನಿಂತುಕೊಂಡಿತು. ಬಂದ್ ಮಾಡಿ ಮತ್ತೆ ಹಚ್ಚು ಎಂದರು ಮಾಲೀಕರು. ನಾನಂತೂ ಖುಷಿಯಿಂದಲೇ ಬಂದ್ ಮಾಡಿದೆ. ಎಚ್ಚರಗೊಂಡ ಎಂಜಿನ್ ಎಲ್ಲರ ಗಂಟುಗಳನ್ನೂ ಹೊಸದಾಗಿ ಬಿಚ್ಚಿ ನೋಡಿತು. ಪರದೆಯ ಮೇಲೆ ನಮ್ಮ ಅವ್ವನ ಹೆಸರು ಬಂತು: ಕಣ್ಣು ಮಂದ, ಹಾಸು ಬೇಡ.

ಕಣ್ಣು ಮಂದವಾದವರಿಗೆ ಹಾಸು ಕೊಡಬಾರದೆಂಬುದು ಮಾಲೀಕರ ರೂಲ್. ಹಾಸು ಇಲ್ಲದಿದ್ದರೆ ಅವ್ವನ ಮಗ್ಗ ನಿಂತಂತೆಯೇ. ತಾಯಿಯಿಲ್ಲದ ಮೈದುನನನ್ನು, ಅಂದರೆ ಕಾಕಾನನ್ನು, ಅವ್ವ ಸಾಕಿ ಓದಿಸಿದ್ದು ಅದೇ ಮಗ್ಗದ ಮೇಲೆ. ಕೂಡಲೇ ಕಾಕಾಗೆ ಫೋನ್ ಹಚ್ಚಿದೆ.

"ಬಂದ್ ಮಾಡಿದೇನು?" ಎಂದಷ್ಟೇ ಕೇಳಿದ. ಮಕ್ತಲ್ ಮಾರ್ಗದ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಬಂದೇಬಿಟ್ಟ.

"ಕಣ್ಣು ಸರಿ ಐತಿ ಅಂತ ಬರದಿದ್ರ ಆಗ್ತಿತ್ತಲ್ಲ ಕಾಕಾ?"

"ಸುಳ್ಳು ಬರೀಲೇನು? ಮಂದ ಅಂತ ಗೊತ್ತಾದ ದಿನಾನ ಬರದೀನಿ. ಎಂಜಿನ್ನಿಗೆ ಹೇಳಿದ್ದಿಲ್ಲ, ಅಷ್ಟ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ವರ್ಷವಿಡೀ ನಾವು ಆಡಿಕೊಂಡು ನಕ್ಕ ಆ ಇನ್ವರ್ಟರೇ, ಎಂಜಿನ್ನಿಗೆ ಅವ್ವನ ಹಳೆಯ ಕಣ್ಣನ್ನೇ ನಂಬಿಸಿ, ಅವಳ ಮಗ್ಗವನ್ನು ನಡೆಸಿತ್ತು.

ಕಾಕಾ ಕೀಲಿಮಣೆಯ ಮುಂದೆ ಕೂತ. ಅವ್ವನ ಗಂಟಿನಲ್ಲಿ ಕಣ್ಣು ಎಂದಿದ್ದ ಜಾಗಕ್ಕೆ ತನ್ನದೇ ಗಂಟನ್ನು ತಂದು ಸೇರಿಸಿದ. ಈ ಸಲ ಎಂಜಿನ್ನಿಗೆ ಹೇಳಿಯೇ ಸೇರಿಸಿದ. ಹಾಸು ಕೊಡಿ ಎಂದಿತು ಅದು.

"ಏನಪ್ಪಾ ಇದು?" ಎಂದರು ಮಾಲೀಕರು.

"ಕೈ ನಮ್ಮ ಅತ್ತಿಗಿದು, ಕಣ್ಣು ನನ್ನವು ರೀ. ದಿನಾ ಸಂಜಿಗೆ ಬಾಜೂ ಕೂತು ನೂಲಿನ ಎಳಿ ನೋಡ್ತೀನಿ. ಇದ್ದದ್ದನ್ನ ಕೊಟ್ಟೀನಿ."

ಮಾಲೀಕರು ಹಾಸು ಎತ್ತಿ ಕೊಟ್ಟರು.

ಮರುದಿನ ಸಂಜೆ ಕಾಕಿ, ಅಂಗಡಿಗೆ ಇನ್ನು ಬೇಡವಾಗಿದ್ದ ಆ ಇನ್ವರ್ಟರನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಮಗ್ಗದ ಮೇಲಿನ ದೀಪಕ್ಕೆ ಅದನ್ನು ಜೋಡಿಸಲು ಹೇಳಿ, ಹೊಸ್ತಿಲಲ್ಲಿ ಕೂತು ಬೀಸಣಿಗೆ ತೆಗೆದಳು.

"ನನಗ ಇದು ರೂಢಿ ಆಗೈತಿ. ಬೆಳಕು ಅಕ್ಕಗ ಇರಲಿ."